ಆರ್ಡಿನರಿ ಎಂಬ ಪದದ ಬಳಕೆ

ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ, ಸಾರು ಖಾರವಾಗಿದೆ ಎಂದೆ. ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ ಕೊಡಲಿಯ ಸದ್ದು ನಿಂತಿತು. ನಾನು ಜೋರಾಗಿ ಹೇಳಿರಲಿಲ್ಲ, ನಡುವೆ ಗೋಡೆಗಳಿದ್ದವು. ಆದರೂ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದು, "ಏನವ್ವ, ಕರೆದ್ಯಾ?" ಎಂದರು. ಪಕ್ಕದಲ್ಲಿ ಉಣ್ಣುತ್ತಿದ್ದ ಗಂಡ ನಕ್ಕರು. "ಅದು ನಮ್ಮವ್ವನ ಪದ. ಮೆಣಸಿನಕಾಯಿ ಜಾಸ್ತಿ ಬಿದ್ದೈತೆ ಅನ್ನು, ಸಾಕು."

ಇಲ್ಲಿ ಹುಟ್ಟಿದವರಿಗೆ ಹೆಸರಿನ ಜೊತೆ ಬಣ್ಣಿಸುವ ಪದವೊಂದನ್ನೂ ಕೊಡುತ್ತಾರೆ. ಊರೊಳಗೆ ಯಾರು ಎಲ್ಲಿ ಆ ಪದ ಆಡಿದರೂ ಅದರ ಒಡೆಯನಿಗೆ ಕೇಳುತ್ತದೆ, ತಲೆ ತಾನಾಗಿ ಅತ್ತ ತಿರುಗುತ್ತದೆ. ಊರ ಗಡಿ ದಾಟಿದರೆ ಕೇಳುವುದಿಲ್ಲ. ಹೊರಗಿನಿಂದ ಬಂದವರಿಗೆ ಪದವಿಲ್ಲ. ನನಗೂ ಇಲ್ಲ.

ಹೀಗಾಗಿ ಇಲ್ಲಿಯ ಜನ ಬಣ್ಣಿಸುವುದು ಕಡಿಮೆ. ಉದ್ದ ಎಂಬ ಪದ ಊರಿನ ಹಿರಿಯ ಬೊಮ್ಮಣ್ಣನವರದು. ಅವರು ಕುಳ್ಳಗಿದ್ದಾರೆ. ಬಟ್ಟೆ ಅಂಗಡಿಯಲ್ಲಿ, ಹಗ್ಗದ ಅಂಗಡಿಯಲ್ಲಿ ಯಾರೂ ಆ ಪದ ಆಡುವುದಿಲ್ಲ. ಮೊಳದ ಲೆಕ್ಕದಲ್ಲೇ ಮುಗಿಸುತ್ತಾರೆ. ಆದರೂ ಬಾಯಿ ತಪ್ಪುತ್ತದೆ. ಖಾರ ಎಂಬುದು ಅತ್ತೆಯ ಪದ, ಹಾಗಾಗಿ ಮದುವೆ ಊಟದ ದಿನಗಳಲ್ಲಿ ಅವರಿಗೆ ಕುತ್ತಿಗೆ ನೋವು ಬರುತ್ತದೆ. "ಯಾರ ಮನ್ಯಾಗೋ ಸಾರು ಕೆಟ್ಟೈತೆ, ನನ್ ಕುತ್ಗೆ ಮುರೀತಾವ್ರೆ" ಎಂದು ಬೈಯುತ್ತಾ ಎಣ್ಣೆ ಹಚ್ಚಿಕೊಳ್ಳುತ್ತಾರೆ.

ಯಾರಾದರೂ ತೀರಿಕೊಂಡರೆ ಅವರ ಪದ ಒಂದು ವರ್ಷ ಸುಮ್ಮನೆ ಬಿದ್ದಿರುತ್ತದೆ. ವರ್ಷ ತುಂಬುವುದರೊಳಗೆ ಅದನ್ನು ಒಂದು ಮಗುವಿಗೆ ಕೊಡಬೇಕು. ಯಾರೂ ತೆಗೆದುಕೊಳ್ಳದಿದ್ದರೆ ಪದ ಊರು ಬಿಡುತ್ತದೆ. ಹಾಗೆ ಊರು ಬಿಟ್ಟ ಪದ ಒಂದಿದೆ. ಎಳೆಯ ಬಾಳೆಕಾಯಿ ಕಚ್ಚಿದಾಗ ಇಲ್ಲಿಯವರು ಮುಖ ಕಿವುಚಿ, ನಾಲಿಗೆ ಹೊರಗೆ ಚಾಚಿ, "ಇದು... ಇದು..." ಎಂದು ಕೈ ಆಡಿಸುತ್ತಾರೆ. ಒಗರು ಎಂದು ನಾನು ಹೇಳಿಕೊಟ್ಟೆ. ನನ್ನ ತುಟಿ ಅಲ್ಲಾಡಿದ್ದಷ್ಟೇ ಅವರಿಗೆ ಕಂಡಿತು. ಆ ಪದ ಯಾರದಾಗಿತ್ತು ಎಂದು ಕೇಳಿದೆ. ಯಾರಿಗೂ ನೆನಪಿರಲಿಲ್ಲ. ಪದ ಹೋದರೆ ಅದರ ಒಡೆಯನ ನೆನಪೂ ಅದರ ಹಿಂದೆಯೇ ಹೋಗುತ್ತದೆ. ಯಾರೋ ಇದ್ದಿರಬೇಕು ಎಂದು ಮಾತ್ರ ಅವರಿಗೆ ಗೊತ್ತು.

ನನ್ನ ಗಂಡ ತಿಪ್ಪೇಶರ ಪದ ಆರ್ಡಿನರಿ.

ಅವರು ಹುಟ್ಟಿದ ವರ್ಷ ಊರಿನಲ್ಲಿ ಬಿಡುವಾಗಿದ್ದ ಪದ ಒಂದೂ ಇರಲಿಲ್ಲವಂತೆ. ಅಂಥ ಸಮಯದಲ್ಲಿ ಹೊರಗಿನಿಂದ ತರಬಹುದು. ಮಾವ ಬಸ್ ನಿಲ್ಲುವ ಜಾಗಕ್ಕೆ ಹೋಗಿ ಕಾದು, ಕಿವಿಗೆ ಬಿದ್ದ ಮೊದಲ ಪದವನ್ನು ತಂದರು. ಎಕ್ಸ್‌ಪ್ರೆಸ್ ಬಸ್ಸುಗಳು ಇಲ್ಲಿ ನಿಲ್ಲುವುದಿಲ್ಲ. ನಿಲ್ಲುವ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಆರ್ಡಿನರಿ, ಆರ್ಡಿನರಿ" ಎಂದು ಕೂಗುತ್ತಾ ಬರುತ್ತಿದ್ದ. ಮಾವನಿಗೆ ಅರ್ಥ ಗೊತ್ತಿರಲಿಲ್ಲ. ಕೇಳಲು ಚೆನ್ನಾಗಿದೆ ಅನಿಸಿತಂತೆ.

ತೊಟ್ಟಿಲಲ್ಲಿದ್ದಾಗಿನಿಂದ ಬಸ್ಸು ಬಂದಾಗೆಲ್ಲ ತಿಪ್ಪೇಶರ ತಲೆ ರಸ್ತೆಯತ್ತ ತಿರುಗಿತು. ನಡೆಯಲು ಬಂದ ಮೇಲೆ ಹೇಗೂ ತಿರುಗಿದ್ದಾಯಿತು ಎಂದು ಹೋಗಿ ನೋಡತೊಡಗಿದರು. ಹೋದ ಮೇಲೆ ಇಳಿಯುವವರ ಚೀಲ ಹಿಡಿದರು. ದೊಡ್ಡವರಾದ ಮೇಲೆ ಅಲ್ಲೇ ಸೈಕಲ್ ರಿಪೇರಿ ಅಂಗಡಿ ಹಾಕಿದರು. ಊರಿನವರು ಇದನ್ನು ಗಮನಿಸಿದರು. ಮೂಟೆ ಎತ್ತಬೇಕಾದರೆ, ಮುದುಕರನ್ನು ಕೈ ಹಿಡಿದು ನಡೆಸಬೇಕಾದರೆ, ಇದ್ದಲ್ಲೇ ನಿಂತು ಮೆಲ್ಲಗೆ "ಆರ್ಡಿನರಿ" ಅನ್ನುತ್ತಿದ್ದರು. ಅವರು ಕೈಯಲ್ಲಿ ಗ್ರೀಸ್ ಮೆತ್ತಿಕೊಂಡೇ ಬರುತ್ತಿದ್ದರು.

ಅವರು ಹೋದದ್ದು ಜ್ವರದಿಂದ. ಅದರಲ್ಲಿ ಕಥೆಯೇನಿಲ್ಲ.

ಆಮೇಲೂ ಬಸ್ಸು ಬರುತ್ತಿತ್ತು, ಕಂಡಕ್ಟರ್ ಕೂಗುತ್ತಿದ್ದ, ಯಾರೂ ತಿರುಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ನಾನೂ ಆಗಾಗ ಆ ಪದ ಹೇಳಿ ನೋಡುತ್ತಿದ್ದೆ. ದುಃಖದಿಂದಲ್ಲ. ಏನಾಗುತ್ತದೆ ಎಂಬ ಕುತೂಹಲ. ಕುಕ್ಕರಿನ ಪಕ್ಕ ನಿಂತು ಹೇಳಿದೆ. ಕಿಟಕಿ ತೆರೆದು ಹೇಳಿದೆ. ಅವರ ಅಂಗಿ ಮಡಿಸುವಾಗ ಹೇಳಿದೆ. ಏನೂ ಆಗಲಿಲ್ಲ. ನನಗೂ ಏನೂ ಆಗುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಇರುತ್ತದಲ್ಲ, ಹಾಗಿದ್ದೆ. ಮುಟ್ಟಿದರೆ ಕೈಗೆ ತಿಳಿಯುತ್ತಿತ್ತು, ಕೆನ್ನೆಗೆ ತಿಳಿಯುತ್ತಿರಲಿಲ್ಲ.

ವರ್ಷ ತುಂಬಲು ಇನ್ನು ಸ್ವಲ್ಪವೇ ದಿನಗಳಿದ್ದಾಗ ಬೊಮ್ಮಣ್ಣ ಮನೆಗೆ ಬಂದರು. ಪದಗಳ ಕೊಡುಕೊಳ್ಳುವಿಕೆ ನೋಡಿಕೊಳ್ಳುವವರು ಅವರೇ. ಜಗಲಿಯ ಮೇಲೆ ಕೂತು, ನಾನು ಕೊಟ್ಟ ಕಾಫಿಯನ್ನು ನೋಡುತ್ತಾ ಅತ್ತೆಗೆ ಹೇಳಿದರು. "ಓಬಮ್ಮ, ಹಾಲಮ್ಮನ ಸೊಸೆ ಹೆತ್ತವ್ಳೆ. ಹೆಣ್ಣು. ಗಡುವಿನೊಳಗೆ ಹುಟ್ಟಿರೋ ಕೂಸು ಅದೊಂದೇ. ಬೇರೆ ಯಾರೂ ಬಸುರಿಲ್ಲ."

"ಕೇಳಿದ್ಯಾ?" ಎಂದರು ಅತ್ತೆ.

"ಕೇಳ್ದೆ. ಬ್ಯಾಡ ಅಂದ್ರು. ತಂಪು ಅನ್ನೋ ಪದ ಬಿಡುವಾಗೈತಲ್ಲ, ಮೊನ್ನೆ ಹೋದ ಕೆಂಚಮ್ಮನ್ದು. ಅದು ಬೇಕಂತೆ. ಬ್ಯಾಸಿಗ್ಯಾಗೆ ಸ್ವಲ್ಪ ಕಾಟ, ಅಷ್ಟೇ. ನಿಮ್ದಾದ್ರೆ ಬಸ್ಸು ಬಂದಾಗೆಲ್ಲ ಕೂಸಿಗೆ ಎಚ್ಚರ." ಅವರು ಕಾಫಿ ಕುಡಿದರು. "ನೋಡು, ಇನ್ನೊಂದು ಮಾತು. ಸಿಟ್ಟು ಮಾಡ್ಕಬ್ಯಾಡ. ಪದ ಹೋದ್ರೆ ನೆನಪೂ ಹೋಗುತ್ತೆ. ನೆನಪು ಹೋದ್ರೆ ಸಂಕಟನೂ ಹೋಗುತ್ತೆ. ನಿನಗೆ ಒಬ್ಬ ಮಗ ಇದ್ದ ಅನ್ನೋದೇ..."

"ಬೊಮ್ಮಣ್ಣ, ಕಾಫಿ ಕುಡಿದ್ಯಲ್ಲ, ಎದ್ದೇಳು," ಎಂದರು ಅತ್ತೆ.

ಅಂದಿನಿಂದ ಅತ್ತೆ ಕೆಲಸ ಮಾಡುತ್ತಾ ಮಗನ ವಿಷಯ ತಮಗೆ ತಾವೇ ಹೇಳಿಕೊಳ್ಳತೊಡಗಿದರು. ಎಡಗೈಯಲ್ಲಿ ಉಣ್ಣುತ್ತಿದ್ದ, ಹೊಡೆದು ಬಿಡಿಸಿದೆ. ಸೋರೆಕಾಯಿ ಕಂಡರೆ ಆಗುತ್ತಿರಲಿಲ್ಲ. ಬಲಗಿವಿಯ ಹಿಂದೆ ಮಚ್ಚೆ. ರಾಗಿ ಬೀಸುವಾಗ, ನೀರು ಸೇದುವಾಗ ಇದೇ. ಒಂದು ಬೆಳಿಗ್ಗೆ ನನ್ನನ್ನು ಕರೆದು, "ವಸೂ, ನೀನು ಹೊರಗಿನವಳು. ನಿನಗೆ ಮರೆಯಲ್ಲ. ನಾನು ಮರೆತ್ರೆ ನೀನು ಹೇಳ್ತೀಯಾ?" ಎಂದು ಕೇಳಿದರು.

"ಹೇಳ್ತೀನಿ ಅತ್ತೆ."

"ಹೇಳಿದ್ರೂ ನನಗೆ ಕೇಳಲ್ಲ, ಅಲ್ವಾ? ತುಟಿ ಅಲ್ಲಾಡಿದಂಗೆ ಕಾಣುತ್ತೆ."

ನಾನು ಅವರ ಕೈಯಲ್ಲಿದ್ದ ಬಿಂದಿಗೆ ತೆಗೆದುಕೊಂಡು ನೀರು ಸೇದಿದೆ.

ಆ ದಿನ ಪೆಟ್ಟಿಗೆಯಿಂದ ನನ್ನ ಇಂಗ್ಲಿಷ್ ನಿಘಂಟು ಹೊರತೆಗೆದೆ. ನಾನು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವಳು. ಆದರೂ ಆ ಪದವನ್ನು ನಿಘಂಟಿನಲ್ಲಿ ನೋಡಬೇಕು ಎಂದು ಅದುವರೆಗೆ ಅನಿಸಿರಲಿಲ್ಲ. ಅಂಥ ಪದವನ್ನು ಯಾರು ನೋಡುತ್ತಾರೆ? ಸಾಮಾನ್ಯ, ಮಾಮೂಲಿ, ದಿನನಿತ್ಯದ, ವಿಶೇಷವಿಲ್ಲದ ಎಂದಿತ್ತು. ಇಷ್ಟನ್ನು ಹಾಲಮ್ಮನ ಮನೆಗೆ ಒಯ್ದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಕೆಳಗೆ ಓದಿದೆ. ಮೂಲದಲ್ಲಿ ಅದು ಸಾಲು, ಕ್ರಮ ಎಂಬ ಅರ್ಥದ ಮಾತಿನಿಂದ ಬಂದದ್ದು. ಸಾಲಿನಲ್ಲಿ ನಿಂತದ್ದು ಆರ್ಡಿನರಿ. ಒಂದು ಕಾಲದಲ್ಲಿ ಇಂಗ್ಲಿಷರ ಛತ್ರಗಳಲ್ಲಿ ಬಂದವರೆಲ್ಲ ಒಂದೇ ಮೇಜಿಗೆ ಕೂತು ಮಾಡುತ್ತಿದ್ದ ಊಟಕ್ಕೂ ಆ ಹೆಸರಿತ್ತು. ಇನ್ನೂ ಕೆಳಗೆ, ಹಿಂದಿನ ಕಾಲದ ಒಂದು ಬಗೆಯ ಸೈಕಲ್ಲಿಗೂ, ಮುಂದಿನ ಚಕ್ರ ಆಳೆತ್ತರ, ಹಿಂದಿನದು ಪುಟ್ಟದು, ಅದಕ್ಕೂ ಆರ್ಡಿನರಿ ಎನ್ನುತ್ತಿದ್ದರು.

ಇದನ್ನು ಅಂಗಡಿಗೆ ಹೋಗಿ ತಿಪ್ಪೇಶರಿಗೆ ಹೇಳಬೇಕು ಅಂದುಕೊಂಡೆ. ಎದ್ದು ಬಾಗಿಲವರೆಗೆ ಹೋಗಿ ಚಪ್ಪಲಿಯನ್ನೂ ಮೆಟ್ಟಿಕೊಂಡೆ. ಆಮೇಲೆ ಬಿಟ್ಟು ಒಳಗೆ ಬಂದೆ.

ಪದ ಕೊಡುವ ದಿನ ಬಳಕೆ ಹೇಳುವ ಶಾಸ್ತ್ರವಿರುತ್ತದೆ. ಸತ್ತವರನ್ನು ಬಲ್ಲವರು ತೊಟ್ಟಿಲ ಸುತ್ತ ನಿಂತು, ಆ ಪದ ಬರುವ ಹಾಗೆ ಒಂದೊಂದು ಮಾತು ಹೇಳಬೇಕು. ಕೊನೆಯ ಮಾತು ಮನೆಯವರದು. ಅಲ್ಲಿ ಹೇಳಿದ ಬಳಕೆಯೇ ಮಗುವಿನ ಪಾಲಿಗೆ ಅದರ ಅರ್ಥ. ನಿಘಂಟು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಊರಿನವರು ಆ ಪದವನ್ನು ಹೇಗೆ ಬಳಸುತ್ತಿದ್ದರು ಎಂದು ಕೇಳಿಕೊಂಡು ಬರಲು ಹೊರಟೆ. ಬಹಳ ದಿನಗಳ ಮೇಲೆ ನನಗೊಂದು ಕೆಲಸ ಸಿಕ್ಕಿತ್ತು. ಕಾಲೇಜಿನಲ್ಲಿ ಪ್ರಬಂಧಕ್ಕೆ ಉದಾಹರಣೆ ಹುಡುಕಿದ ಹಾಗೆ ಹುಡುಕಿದೆ.

ಚಹದಂಗಡಿಯ ಮಂಜಕ್ಕ ಗ್ಯಾಸ್ ಸಿಲಿಂಡರ್ ತೋರಿಸಿ, "ಇದನ್ನ ಬದಲಾಯಿಸೋ ಹೊತ್ತಿಗೆ ಆರ್ಡಿನರಿ ಅಂತಿದ್ದೆ. ಬರೋನು. ಈಗ ನಾನೇ ಉರುಳಿಸ್ತೀನಿ, ಕಾಲ್ಬೆರಳು ಜಜ್ಜಿಕೊಂಡಿದೀನಿ ನೋಡು," ಎಂದಳು. ಬೊಮ್ಮಣ್ಣ, "ಅಕ್ಕಿ ಮೂಟೆ" ಎಂದಷ್ಟೇ ಹೇಳಿ ಗಂಟಲು ಸರಿಮಾಡಿಕೊಂಡರು. ಎಲ್ಲರ ಮಾತಿನ ಅರ್ಥ ಒಂದೇ. ಕರೆದರೆ ಬರುವವನು ಆರ್ಡಿನರಿ. ಪುಸ್ತಕದಲ್ಲಿ ಇರಲಿಲ್ಲ, ಆದರೆ ಒಳ್ಳೆಯ ಅರ್ಥ ಅನಿಸಿತು. ಅದನ್ನು ಹಿಡಿದುಕೊಂಡು ಹಾಲಮ್ಮನ ಮನೆಗೆ ಹೋದೆ.

ಹಾಲಮ್ಮ ಬಾಗಿಲಲ್ಲೇ, "ಕೂಸಿನ ನಿದ್ದೆ ಕೆಡುತ್ತೆ ಕಣಮ್ಮ" ಎಂದರು. ಅದಕ್ಕೆ ನಾನು ಸಿದ್ಧಳಾಗಿ ಬಂದಿದ್ದೆ. ಕಂಡಕ್ಟರನ್ನು ಕಂಡು ಮಾತಾಡಿದ್ದೆ. ಅವನು ಒಳ್ಳೆಯವನು, ನಮ್ಮ ಅಂಗಡಿಯಲ್ಲಿ ಎಷ್ಟೋ ಸಲ ನೀರು ಕುಡಿದವನು. ಇನ್ನು ಮೇಲೆ ಈ ಊರಿನಲ್ಲಿ "ಎಲ್ಲಾ ಕಡೆ ನಿಲ್ತದೆ, ಎಲ್ಲಾ ಕಡೆ ನಿಲ್ತದೆ" ಎಂದು ಕೂಗುತ್ತೇನೆ ಎಂದು ಮಾತು ಕೊಟ್ಟಿದ್ದ. ಹಾಲಮ್ಮನಿಗೆ ಹೇಳಲು ಬೇರೇನೂ ಉಳಿಯಲಿಲ್ಲ. ಒಳಗೆ ಬಿಟ್ಟರು.

ಬಾಣಂತಿ ಶೈಲಾ, ಇದೇ ಊರಿನಲ್ಲಿ ಹುಟ್ಟಿ ಇಲ್ಲೇ ಸೊಸೆಯಾದವಳು, ಗೋಡೆಗೊರಗಿ ಕೂತಿದ್ದಳು. ಮಗು ಅವಳ ಕಾಲ ಮೇಲಿತ್ತು. ನಾನು ಎಲ್ಲರ ಬಳಕೆಗಳನ್ನೂ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಅಕ್ಕ, ನನ್ನ ಪದ ಏನು ಗೊತ್ತಾ?"

"ಗೊತ್ತಿಲ್ಲ."

"ಚುರುಕು," ಎಂದಳು. ತನ್ನ ಬಾಯಿಂದಲೇ ಬಂದರೂ ಅವಳ ತಲೆ ಒಮ್ಮೆ ಅದುರಿತು. "ಚುರುಕಾಗಿ ಬಾ, ಚುರುಕಾಗಿ ಹೋಗು, ಚುರುಕಾಗಿ ಮುಗಿಸು. ನನಗೇ ಅಂದದ್ದಲ್ಲ. ಊರಾಗೆ ಯಾರು ಯಾರಿಗೆ ಅಂದ್ರೂ ನಾನು ತಿರುಗಬೇಕು. ತಿರುಗಿದ ಮೇಲೆ ಎದ್ದೇ ಬಿಡ್ತೀನಿ, ಅಭ್ಯಾಸ. ಹುಟ್ಟಿದಾಗಿಂದ ಎದ್ದೇ ಇದೀನಿ. ಈ ಬಾಣಂತನದಾಗೆ ಕೂತಿದೀನಿ ನೋಡು, ಇದೇ ಮೊದ್ಲು." ಅವಳು ಮಗುವಿನ ಅಂಗೈ ಬಿಡಿಸಿ ಮತ್ತೆ ಮುಚ್ಚಿದಳು. "ನಿಮ್ಮೆಜಮಾನ್ರು ಕರೆದ್ರೆ ಬರ್ತಿದ್ರು, ನಿಜ. ನಾನೂ ಕರೆದಿದೀನಿ. ಗಂಡಸು ಬಂದ್ರೆ ಉಪಕಾರ ಅಂತಾರೆ. ಹೆಣ್ಮಗಳು ಬಂದ್ರೆ ಅದು ಅವಳ ಕೆಲ್ಸ ಅಂತಾರೆ. ನನ್ನ ಮಗಳಿಗೆ ಬ್ಯಾಡ ಅಕ್ಕ."

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ನಮಸ್ಕಾರ ಹೇಳಿ ಎದ್ದು ಬಂದೆ.

ಮನೆಯಲ್ಲಿ ಅತ್ತೆ ಬೀಸುವ ಕಲ್ಲಿನ ಮುಂದೆ ಕೂತಿದ್ದರು. ಎಡಗೈ, ಸೋರೆಕಾಯಿ, ಮಚ್ಚೆ. ನನ್ನ ಮುಖ ನೋಡಿದರು. ಬೀಸುತ್ತಲೇ ಇದ್ದರು. ನಾನು ಅಡುಗೆಮನೆಗೆ ಹೋದೆ. ಹುರುಳಿಕಾಳು ನೆನೆಸಲು ಡಬ್ಬಿ ತೆಗೆದೆ. ಆಗ ಒಂದು ಸಂಜೆ ನೆನಪಾಯಿತು. ಮರೆತದ್ದಲ್ಲ, ಅದು ಲೆಕ್ಕಕ್ಕೆ ಬರುತ್ತದೆ ಎಂದು ತಿಳಿದಿರಲಿಲ್ಲ. ಡಬ್ಬಿ ಅಲ್ಲೇ ಇಟ್ಟು ಮತ್ತೆ ಹಾಲಮ್ಮನ ಮನೆಗೆ ಹೋದೆ.

"ಶೈಲಾ, ಇನ್ನೊಂದು ಬಳಕೆ ಇದೆ," ಎಂದೆ.

ಮದುವೆಯಾದ ವರ್ಷದ ಮಳೆಗಾಲ. ಅತ್ತೆ ತಂಗಿಯ ಮನೆಗೆ ಹೋಗಿದ್ದರು. ನಾವಿಬ್ಬರೇ ಇದ್ದೆವು. ತಿಪ್ಪೇಶ ಆಗಷ್ಟೇ ಕೈಕಾಲು ತೊಳೆದು ಊಟಕ್ಕೆ ಕೂತಿದ್ದರು. ಮುದ್ದೆ ಮುರಿದು ಸಾರಿಗೆ ಅದ್ದುವ ಹೊತ್ತಿಗೆ ಅವರ ತಲೆ ಗೋಡೆಯತ್ತ ತಿರುಗಿತು. ಬಸ್ಸಿನ ಹೊತ್ತಲ್ಲ. ಯಾರೋ ಕರೆಯುತ್ತಿದ್ದರು. ತುತ್ತು ಕೈಯಲ್ಲೇ ಇತ್ತು. ಹೊರಗೆ ಮಳೆ. ನಾನು ಕೊಡೆ ತರಲು ಎದ್ದೆ. ಅವರು ಸ್ವಲ್ಪ ಹೊತ್ತು ಗೋಡೆಯನ್ನೇ ನೋಡಿದರು. ಮತ್ತೆ ತಲೆ ತಿರುಗಿಸಿ ನನ್ನ ಕಡೆ ನೋಡಿದರು. ಅದು ತಾನಾಗಿ ತಿರುಗಿದ್ದಲ್ಲ, ಅವರೇ ತಿರುಗಿಸಿದ್ದು. ಕಷ್ಟವಾಗುತ್ತಿತ್ತು ಎಂದು ಕಂಡಿತು. "ಹೋಗಲ್ವಾ?" ಎಂದೆ. "ತಲೆ ಅದರದು, ಕಾಲು ನಂದು," ಎಂದು ತುತ್ತು ಬಾಯಿಗಿಟ್ಟುಕೊಂಡರು. "ಕೂತ್ಕೋ. ನೀನೂ ಊಟ ಮಾಡು." ಮತ್ತೆ ಎರಡು ಸಲ ಅವರ ತಲೆ ಗೋಡೆಯತ್ತ ತಿರುಗಿತು. ಅವರು ಏಳಲಿಲ್ಲ. ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ಶೈಲಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಬರದೇನೂ ಇರ್ತಿದ್ರಾ?"

"ಇರ್ತಿದ್ರು. ಅವತ್ತೊಂದೇ ದಿನ ಅಲ್ಲ."

"ಇದು ಯಾರಿಗೂ ಗೊತ್ತಿಲ್ಲ."

"ನನಗೆ ಗೊತ್ತು."

ಅವಳು ಮಗುವನ್ನು ಎತ್ತಿ ಭುಜಕ್ಕೆ ಹಾಕಿಕೊಂಡಳು. "ಅಕ್ಕ, ಇದನ್ನ ತೊಟ್ಟಿಲ ಮುಂದೆ ಹೇಳ್ತೀಯಾ? ಎಲ್ಲಾರ ಎದುರಿಗೆ? ಹೇಳಿದ್ರೆ ತಗಂತೀನಿ. ನನ್ನ ಅತ್ತೇನ ನಾನು ನೋಡ್ಕಂತೀನಿ."

ಹೇಳುತ್ತೇನೆ ಎಂದೆ. ದಾರಿಯಲ್ಲಿ ಬರುತ್ತಾ ಆ ಮಾತಿನ ಭಾರ ತಿಳಿಯಿತು. ಊರಿನ ನೆನಪಿನಲ್ಲಿ ಅವರು ಕರೆದಾಗಲೆಲ್ಲ ಬಂದವರು. ಅತ್ತೆ ಅದನ್ನೇ ನೆಚ್ಚಿಕೊಂಡಿದ್ದರು. ಅದಕ್ಕೆ ನಾನು ಕೈ ಹಾಕುತ್ತಿದ್ದೆ. ಆಮೇಲೆ, ಆ ಸಂಜೆ ನನ್ನೊಬ್ಬಳದೇ ಆಗಿತ್ತು. ನನ್ನದು ಎನ್ನುವಂಥದ್ದು ಬೇರೆ ಹೆಚ್ಚೇನೂ ಇರಲಿಲ್ಲ. ತೊಟ್ಟಿಲ ಮುಂದೆ ಹೇಳಿದರೆ ಅದು ಮಂಜಕ್ಕನ ಚಹದಂಗಡಿಗೂ ಹೋಗುತ್ತದೆ.

ಶಾಸ್ತ್ರದ ದಿನ ಹಾಲಮ್ಮನ ಮನೆಯ ನಡುಮನೆಯಲ್ಲಿ ಜನ ತುಂಬಿದ್ದರು. ತೊಟ್ಟಿಲಿಗೆ ಶೈಲಾಳ ಸೀರೆಯ ಜೋಲಿ ಕಟ್ಟಿದ್ದರು. ಕೊನೆಯ ಮಾತಿಗೆ ಮಗು ತಲೆ ತಿರುಗಿಸಿದರೆ ಪದ ಹತ್ತಿತು ಎಂದು ಲೆಕ್ಕ. ತಿರುಗಿಸದಿದ್ದರೆ ಇಲ್ಲ. ಅತ್ತೆ ನನ್ನ ಪಕ್ಕದಲ್ಲಿ ನಿಂತಿದ್ದರು. ಅವರ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು.

ಮಂಜಕ್ಕ ಸಿಲಿಂಡರಿನ ಮಾತು ಹೇಳಿದಳು. "ಆರ್ಡಿನರಿ ಅಂದ್ರೆ ಅಂಗಡಿ ಬಾಗಿಲಾಗೆ ನಿಂತಿರೋನು." ಬೊಮ್ಮಣ್ಣ ಅಕ್ಕಿಮೂಟೆ ಹೇಳಿದರು. ಕಂಡಕ್ಟರ್ ಕೂಡ ಬಸ್ಸು ನಿಲ್ಲಿಸಿ ಬಂದಿದ್ದ. ಅವನಿಗೆ ಶಾಸ್ತ್ರ ತಿಳಿಯದು. "ನಮ್ಮ ಬಸ್ಸು ಆರ್ಡಿನರಿ, ಕೈ ತೋರಿಸಿದೋರ್ನೆಲ್ಲ ಹತ್ತಿಸ್ಕೋತದೆ," ಎಂದು ಕೈ ಮುಗಿದು ಓಡಿದ. ಹೊರಗೆ ಪ್ರಯಾಣಿಕರು ಬೈಯುತ್ತಿದ್ದರು. ಅತ್ತೆ, "ನನ್ನ ಮಗ ಆರ್ಡಿನರಿ. ಒಂದು ಸಲ ಕೂಗಿದ್ರೆ ಎರಡ್ನೇ ಸಲ ಕೂಗ್ಸಿಕೊಳ್ಳೋನಲ್ಲ," ಎಂದರು. ಮಗು ಸೂರಿನ ಕಡೆ ನೋಡುತ್ತಿತ್ತು. ಯಾವ ಮಾತಿಗೂ ಅಲ್ಲಾಡಲಿಲ್ಲ.

ನನ್ನ ಸರದಿ ಬಂತು. ಶೈಲಾ ಜೋಲಿಯ ಅಂಚು ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಒಂದು ಸಂಜೆ ಮಳೆ ಬರ್ತಿತ್ತು," ಎಂದೆ. "ಊರಿನವರು ಯಾರೋ ಮೂರು ಸಲ ಕರೆದ್ರು. ಅವರಿಗೆ ಕೇಳಿಸ್ತು. ಅವರು ಹೋಗಲಿಲ್ಲ. ನನ್ನ ಜೊತೆ ಕೂತು ಊಟ ಮಾಡಿದ್ರು."

ಬೊಮ್ಮಣ್ಣ ಮೆಲ್ಲಗೆ, "ಅವತ್ತು ನಾನೇ ಕಣಮ್ಮ. ರಸ್ತೆ ಮಧ್ಯದಾಗೆ ಮೂಟೆ ಹಿಡ್ಕಂಡು ನೆಂದೆ. ಅಕ್ಕಿಯೆಲ್ಲ ಮುಗ್ಗಲು ಹಿಡೀತು. ಅವ್ನು ಊರಾಗಿರ್ನಿಲ್ಲ ಅಂದ್ಕಂಡಿದ್ದೆ," ಎಂದರು. ಹಿಂದಿನಿಂದ ಯಾರೋ ನಕ್ಕರು. ಅತ್ತೆಯ ಮೊಣಕೈ ನನ್ನ ಮೊಣಕೈಯಿಂದ ಸರಿಯಿತು.

ನಾನು ತೊಟ್ಟಿಲಿನ ಕಡೆ ಬಾಗಿದೆ. ಮಾತು ಇನ್ನೂ ಮುಗಿದಿರಲಿಲ್ಲ. ಅಡುಗೆಮನೆಯಲ್ಲಿ ಅಷ್ಟು ಸಲ ಹೇಳಿದ ಪದವೇ. ಈಗ ಬಾಯಿಗೆ ಬರಲು ತಡವಾಯಿತು.

"ಅದೂ ಆರ್ಡಿನರಿ," ಎಂದೆ.

ಮಗುವಿನ ತಲೆ ತಿರುಗಿತು. ನಿಧಾನವಾಗಿ, ಕುತ್ತಿಗೆ ಇನ್ನೂ ಗಟ್ಟಿಯಾಗದ ಮಕ್ಕಳು ತಿರುಗಿಸುವ ಹಾಗೆ, ಕೆನ್ನೆ ಬಟ್ಟೆಗೆ ಉಜ್ಜಿಕೊಂಡು. ಅದು ನನ್ನ ಕಡೆ ನೋಡಿತು. ಆಮೇಲೆ ಮುಖ ತಿರುಗಿಸಿ ಮತ್ತೆ ಸೂರು ನೋಡತೊಡಗಿತು. ಶೈಲಾ ಒಮ್ಮೆ ಬಾಯಿ ಮುಚ್ಚಿಕೊಂಡು ನಕ್ಕಳು. "ಹೂಂ, ಕಲ್ತಳು," ಎಂದಳು.

ಒಂದು ವರ್ಷ ಆ ಪದಕ್ಕೆ ಯಾರೂ ತಿರುಗಿರಲಿಲ್ಲ. ಈಗ ತಿರುಗಿದ್ದು ಅವರಲ್ಲ. ಕೆನ್ನೆಯ ಮೇಲೆ ಏನೋ ಹರಿದಂತಾಯಿತು. ಮುಟ್ಟಿದೆ. ಈ ಸಲ ಕೆನ್ನೆಗೂ ತಿಳಿಯಿತು.

ಮನೆಗೆ ಬರುವಾಗ ಅತ್ತೆ ಮುಂದೆ ನಡೆದರು, ನಾನು ಹಿಂದೆ. ಬಸ್ಸು ಹಾದುಹೋಯಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, ಎಲ್ಲಾ ಕಡೆ ನಿಲ್ತದೆ ಎಂದು ಕೂಗುತ್ತಿದ್ದ. ಅತ್ತೆ ಸೈಕಲ್ ಅಂಗಡಿಯ ಮುಂದೆ ನಿಂತರು. ಬೀಗ ಹಾಕಿದ ಬಾಗಿಲನ್ನು ನೋಡಿದರು. ನಾನು ಹತ್ತಿರ ಬರುವವರೆಗೆ ಕಾದರು. ಬೈಯುತ್ತಾರೆ ಎಂದುಕೊಂಡೆ.

"ಅವತ್ತು ಏನ್ ಸಾರು ಮಾಡಿದ್ದೆ?" ಎಂದು ಕೇಳಿದರು.

"ಹುರುಳಿಕಾಳಿನ ಸಾರು," ಎಂದೆ. "ಖಾರವಾಗಿತ್ತು."

ಅವರು ನನ್ನ ಮಗ್ಗುಲಲ್ಲೇ ನಿಂತಿದ್ದರು. ಆದರೂ ತಿರುಗಿ ನೋಡಿದರು.